ಸಿಗ್ನಲ್ ಫುಲ್, ಚಿತ್ರ ಮಾತ್ರ ಚೂರುಚೂರು: ಆಂಟೆನಾ ಟಿವಿಯಲ್ಲಿ ಮಲ್ಟಿಪಾತ್ ದೋಷ ಹುಡುಕಿ ಸರಿಪಡಿಸುವುದು

ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಕೇಬಲ್ ಕನೆಕ್ಷನ್ ಬಿಡಿಸಿ ಆಂಟೆನಾ ಹಾಕಿಕೊಂಡ ಕನ್ನಡದ ಮನೆಗಳು ಸಾಕಷ್ಟಿವೆ. ಕನ್ನಡ ಚಾನೆಲ್‌ಗಳು ಹೇಗೂ ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಲೋಕಲ್ ಸುದ್ದಿ, ಭಾನುವಾರದ ಫುಟ್‌ಬಾಲ್, ಮಕ್ಕಳಿಗೆ ಸಾರ್ವಜನಿಕ ಚಾನೆಲ್ ಕೆಕ್ಯೂಇಡಿ, ಇಷ್ಟಕ್ಕೆ ತಿಂಗಳು ತಿಂಗಳು ದುಡ್ಡು ಯಾಕೆ ಕಟ್ಟಬೇಕು, ಅಲ್ವಾ? ಆಂಟೆನಾ ಹಾಕಿದ ಮೇಲೆ ಕೇಳಿಬರುವ ದೂರು ಮಾತ್ರ ಬಹುತೇಕ ಒಂದೇ. "ಸಿಗ್ನಲ್ 95 ಪರ್ಸೆಂಟ್ ತೋರಿಸುತ್ತೆ, ಆದರೂ ಚಿತ್ರ ಚೌಕ ಚೌಕವಾಗಿ ಒಡೆಯುತ್ತೆ, ಮಾತು ಕಟ್ ಆಗುತ್ತೆ."

ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಆಂಪ್ಲಿಫೈಯರ್ ಕೊಳ್ಳುವುದು. ಅದು ದುಡ್ಡು ದಂಡ. ಸಿಗ್ನಲ್ ಸಾಲದೆ ಆಗಿರುವ ತೊಂದರೆ ಅಲ್ಲ ಇದು. ಒಂದೇ ಸಿಗ್ನಲ್ ಎರಡು ಮೂರು ದಾರಿ ಹಿಡಿದು, ಹಿಂದೆ ಮುಂದೆ ಬಂದು, ಆಂಟೆನಾದಲ್ಲಿ ಒಂದರ ಮೇಲೊಂದು ಬೀಳುತ್ತಿದೆ. ಇದಕ್ಕೇ ಮಲ್ಟಿಪಾತ್ ಎನ್ನುವುದು. ಕಲ್ಯಾಣ ಮಂಟಪದಲ್ಲಿ ಮೈಕ್ ಮಾತು ಗೋಡೆಗೆ ಬಡಿದು ಗೊಂಯ್‌ಗುಟ್ಟುವಾಗ ವಾಲ್ಯೂಮ್ ಏರಿಸಿದರೆ ಮಾತು ಅರ್ಥವಾಗುತ್ತದೆಯೇ? ಆಂಪ್ಲಿಫೈಯರ್ ಮಾಡುವುದೂ ಅದನ್ನೇ. ನೇರ ಸಿಗ್ನಲ್ ಮತ್ತು ಅದರ ಪ್ರತಿಧ್ವನಿ ಎರಡನ್ನೂ ಒಂದೇ ಅಳತೆಯಲ್ಲಿ ದೊಡ್ಡದು ಮಾಡುತ್ತದೆ.

ಫ್ರೀಮಾಂಟ್, ಮಿಲ್ಪಿಟಾಸ್, ಸನ್ನಿವೇಲ್ ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಅಮೆರಿಕದ ಬೇರೆ ಊರಿನಲ್ಲಿ ಇರುವವರು ಗೋಪುರ, ಗುಡ್ಡದ ಹೆಸರು ಬದಲಿಸಿಕೊಂಡರೆ ಸಾಕು. ವಿಧಾನ ಅದೇ.

ಗಾಳಿಯಲ್ಲಿ ಆಗುತ್ತಿರುವುದೇನು

ಇಲ್ಲಿನ ಮುಖ್ಯ ಚಾನೆಲ್‌ಗಳಲ್ಲಿ ಹೆಚ್ಚಿನವು ಸ್ಯಾನ್ ಫ್ರಾನ್ಸಿಸ್ಕೋದ ಸೂಟ್ರೋ ಟವರ್‌ನಿಂದ ಬರುತ್ತವೆ. 977 ಅಡಿ ಎತ್ತರದ ಗೋಪುರ, 1973ರಿಂದ ಪ್ರಸಾರ ಮಾಡುತ್ತಿದೆ. ಫ್ರೀಮಾಂಟ್‌ನ ನಡುಭಾಗದಿಂದ ಅದು ಸುಮಾರು 47 ಕಿ.ಮೀ. ದೂರ. ಉತ್ತರದಿಂದ ಎಣಿಸಿದರೆ ಸುಮಾರು 299 ಡಿಗ್ರಿ ದಿಕ್ಕು. ಈಗ ಗೋಪುರಕ್ಕೆ ಬೆನ್ನು ಹಾಕಿ ನಿಂತು ನೋಡಿ. ಎದುರಿಗೆ ಮಿಷನ್ ಪೀಕ್, 2,500 ಅಡಿಗಿಂತ ತುಸು ಎತ್ತರ. ಸೂಟ್ರೋದಿಂದ ಹೊರಟ ಅಲೆ ನಿಮ್ಮ ಮನೆ ದಾಟಿ ಹೋಗಿ, ಆ ಗುಡ್ಡಸಾಲಿಗೆ ಬಡಿದು, ನೇರ ಹಿಂದಿನಿಂದ ವಾಪಸ್ ಬರುತ್ತದೆ. ಮಲ್ಟಿಪಾತ್ ಪಾಠ ಹೇಳಿಕೊಡಲೆಂದೇ ಜೋಡಿಸಿಟ್ಟ ಊರು ಇದು.

ರೇಡಿಯೋ ಅಲೆ 1 ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಹೋಗುತ್ತದೆ. ಗುಡ್ಡ ನಿಮ್ಮ ಮನೆಯಿಂದ 4 ಕಿ.ಮೀ. ಹಿಂದಿದ್ದರೆ ಹೋಗಿ ಬರಲು 8 ಕಿ.ಮೀ. ಜಾಸ್ತಿ ದಾರಿ, ಅಂದರೆ ಸುಮಾರು 27 ಮೈಕ್ರೋಸೆಕೆಂಡ್ ತಡ. ಕೇಳಲು ಏನೂ ಅಲ್ಲ ಅನಿಸುತ್ತದೆ. ಆದರೆ ಅಮೆರಿಕದ ಈಗಿನ ಡಿಜಿಟಲ್ ಪ್ರಸಾರ, ಅಂದರೆ ಎಟಿಎಸ್‌ಸಿ 1.0, ಸೆಕೆಂಡಿಗೆ ಸುಮಾರು 1.076 ಕೋಟಿ ಸಿಂಬಲ್‌ಗಳನ್ನು, ಅಂದರೆ ಮಾಹಿತಿಯ ತುಣುಕುಗಳನ್ನು, ಒಂದರ ಹಿಂದೆ ಒಂದರಂತೆ ಕಳಿಸುತ್ತದೆ. ಒಂದು ಸಿಂಬಲ್‌ಗೆ ಸಿಗುವ ಸಮಯ 93 ನ್ಯಾನೋಸೆಕೆಂಡ್. ಆ ಲೆಕ್ಕದಲ್ಲಿ ಗುಡ್ಡದ ಪ್ರತಿಧ್ವನಿ 290 ಸಿಂಬಲ್‌ಗಳಷ್ಟು ಹಿಂದಿನದು. ಈ ಕ್ಷಣದ ಸಿಂಬಲ್ ಮೇಲೆ ಎಷ್ಟೋ ಹಿಂದೆ ಹೋದ ಸಿಂಬಲ್ ಬಂದು ಕೂರುತ್ತದೆ.

ಟಿವಿಯ ಟ್ಯೂನರ್ ಒಳಗೆ ಇದನ್ನು ಕಳೆಯಲೆಂದೇ ಈಕ್ವಲೈಜರ್ ಇರುತ್ತದೆ. ಪ್ರಸಾರದ ನಡುವೆ 24.2 ಮಿಲಿಸೆಕೆಂಡಿಗೊಮ್ಮೆ ಮೊದಲೇ ಗೊತ್ತಿರುವ ಒಂದು ಸಾಲು ಬರುತ್ತದೆ. ಬರಬೇಕಾದದ್ದು ಹೇಗಿರಬೇಕು, ಬಂದದ್ದು ಹೇಗಿದೆ ಎಂದು ಹೋಲಿಸಿ ಟ್ಯೂನರ್ ಪ್ರತಿಧ್ವನಿಯನ್ನು ಅಂದಾಜು ಮಾಡಿ ಕಳೆಯುತ್ತದೆ. ಪ್ರತಿಧ್ವನಿ ಸಣ್ಣದಾಗಿದ್ದು, ಒಂದೇ ಸಮ ಇದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ. ಪ್ರತಿಧ್ವನಿ ನೇರ ಸಿಗ್ನಲ್‌ನಷ್ಟೇ ಜೋರಾಗಿದ್ದರೆ, ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದರೆ, ಅಥವಾ ನೇರ ಸಿಗ್ನಲ್ಲೇ ಯಾವುದೋ ಗೋಡೆಯ ಹಿಂದೆ ಸೊರಗಿ ಪ್ರತಿಧ್ವನಿಗಿಂತ ಸಣ್ಣದಾಗಿದ್ದರೆ ಈಕ್ವಲೈಜರ್ ಕೈಚೆಲ್ಲುತ್ತದೆ.

ಊರಲ್ಲಿ ದೂರದರ್ಶನ ನೋಡಿ ಬೆಳೆದವರಿಗೆ ಇದೇ ದೋಷದ ಹಳೆಯ ರೂಪ ನೆನಪಿರುತ್ತದೆ. ವಾರ್ತೆ ಓದುವವರ ಪಕ್ಕದಲ್ಲಿ ಇನ್ನೊಂದು ಮಸುಕು ಮುಖ. ಮಾಡಿನ ಮೇಲೊಬ್ಬರು ಆಂಟೆನಾ ತಿರುಗಿಸುವುದು, ಒಳಗಿನಿಂದ "ಹಾಂ, ಬಂತು... ಹೋಯ್ತು" ಎಂದು ಕೂಗುವುದು. ಆ ನೆರಳಿನಿಂದ ಒಂದು ಲಾಭವಿತ್ತು. ಪರದೆಯ ಒಂದು ಗೆರೆ ಎಳೆಯಲು 52 ಮೈಕ್ರೋಸೆಕೆಂಡ್ ಬೇಕು. 40 ಸೆಂ.ಮೀ. ಅಗಲದ ಪರದೆಯಲ್ಲಿ ನೆರಳು 1 ಸೆಂ.ಮೀ. ಸರಿದಿದ್ದರೆ ಅದು ಸುಮಾರು 390 ಮೀಟರ್ ಸುತ್ತು ಹಾಕಿ ಬಂದಿದೆ ಎಂದು ಸ್ಕೇಲ್ ಇಟ್ಟೇ ಹೇಳಬಹುದಿತ್ತು. ಅಮೆರಿಕದ ದೊಡ್ಡ ಸ್ಟೇಷನ್‌ಗಳು 2009ರ ಜೂನ್ 12ಕ್ಕೆ ಅನಲಾಗ್ ನಿಲ್ಲಿಸಿದವು. ಅಲ್ಲಿಗೆ ಕಣ್ಣಿಗೆ ಕಾಣುವ ಆ ಸುಳಿವೂ ಹೋಯಿತು. ಡಿಜಿಟಲ್‌ನಲ್ಲಿ ಕೊನೆಯವರೆಗೂ ಚಿತ್ರ ಚೊಕ್ಕ ಇರುತ್ತದೆ, ಆಮೇಲೆ ಒಮ್ಮೆಲೇ ಒಡೆಯುತ್ತದೆ. ಹಾಗಾಗಿ ನೋಡಿ ಹೇಳಲಾಗುವುದಿಲ್ಲ, ಅಳೆಯಲೇಬೇಕು.

ಅಳತೆ: ಯಾವ ನಂಬರ್ ನೋಡಬೇಕು

ಟಿವಿ ಮೆನುವಿನಲ್ಲಿ ಒಂದೇ ಒಂದು ಪಟ್ಟಿ ಇದ್ದು ಅದರ ಮೇಲೆ "ಸಿಗ್ನಲ್" ಎಂದು ಬರೆದಿದ್ದರೆ ಅದನ್ನು ನಂಬಬೇಡಿ. ಅದು ಬಲವೋ ಗುಣಮಟ್ಟವೋ ತಿಳಿಯುವುದಿಲ್ಲ. ಬಲ ಬೇರೆ, ಗುಣಮಟ್ಟ ಬೇರೆ ತೋರಿಸುವ ಸಾಧನ ಬೇಕು. ಎಚ್‌ಡಿಹೋಮ್‌ರನ್‌ನಂಥ ನೆಟ್‌ವರ್ಕ್ ಟ್ಯೂನರ್ ಇದ್ದರೆ ಕೆಲಸ ಸುಲಭ. ಅದು ಸಿಗ್ನಲ್ ಸ್ಟ್ರೆಂತ್, ಸಿಗ್ನಲ್ ಕ್ವಾಲಿಟಿ, ಸಿಂಬಲ್ ಕ್ವಾಲಿಟಿ ಎಂದು ಮೂರು ನಂಬರ್ ಕೊಡುತ್ತದೆ. ಫೋನಿನಲ್ಲಿ ನೋಡುತ್ತಾ ಆಂಟೆನಾ ಪಕ್ಕದಲ್ಲೇ ನಿಲ್ಲಬಹುದು, ಕೂಗಾಡುವುದು ತಪ್ಪುತ್ತದೆ. ಸಿಂಬಲ್ ಕ್ವಾಲಿಟಿ 100ಕ್ಕಿಂತ ಕೆಳಗಿಳಿದರೆ ಸರಿಪಡಿಸಲಾಗದ ತಪ್ಪುಗಳು ಬರುತ್ತಿವೆ ಎಂದರ್ಥ. ಚಿತ್ರ ಒಡೆಯುವುದು ಆಗಲೇ.

ಕೆಲವು ಟಿವಿಗಳಲ್ಲಿ ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಜೋರು ಎಂಬ ಅಳತೆ) ಎಂದು ಡಿಬಿಯಲ್ಲಿ, ಅಂದರೆ ಡೆಸಿಬೆಲ್‌ನಲ್ಲಿ, ತೋರಿಸುವ ಮೆನು ಇರುತ್ತದೆ. ಅದಿದ್ದರೂ ಸಾಕು. ಎಟಿಎಸ್‌ಸಿ 1.0ಗೆ ಕನಿಷ್ಠ ಸುಮಾರು 15 ಡಿಬಿ ಬೇಕು. ಅದಕ್ಕಿಂತ ಕೆಳಗೆ ಚಿತ್ರವೇ ಇಲ್ಲ. 16, 17ರಲ್ಲಿ ಇದ್ದರೆ ಗಾಳಿ ಬೀಸಿದರೂ ಹೋಗುತ್ತದೆ. 20 ದಾಟಿದರೆ ನೆಮ್ಮದಿ.

ಓದುವ ಕ್ರಮ ಹೀಗೆ. ಬಲವೂ ಕಡಿಮೆ, ಗುಣಮಟ್ಟವೂ ಕಡಿಮೆ ಇದ್ದರೆ ಅದು ನಿಜವಾಗಿಯೂ ಸಿಗ್ನಲ್ ಸಾಲದ ಕೇಸು. ಬಲ ಜಾಸ್ತಿ ಇದ್ದು ಗುಣಮಟ್ಟ ಮಾತ್ರ ಕುಸಿದಿದ್ದರೆ ಸಿಗ್ನಲ್ ಅನ್ನು ಏನೋ ಕೆಡಿಸುತ್ತಿದೆ. ಮಲ್ಟಿಪಾತ್ ಮೊದಲ ಶಂಕಿತ. ಆದರೆ ಅದೊಂದೇ ಅಲ್ಲ.

ಇನ್ನೊಂದು ವಿಷಯ. ಟಿವಿಯಲ್ಲಿ ಕಾಣುವ ಚಾನೆಲ್ ನಂಬರ್ ಬರೀ ಹೆಸರು. ನಿಜವಾಗಿ ಪ್ರಸಾರವಾಗುವ ಆರ್‌ಎಫ್ ಚಾನೆಲ್ ಬೇರೆ ಇರುತ್ತದೆ. ಇಲ್ಲಿ ಕೆಟಿವಿಯು 2 ಬರುವುದು ಆರ್‌ಎಫ್ 31ರಲ್ಲಿ, ಕೆಪಿಐಎಕ್ಸ್ 5 ಬರುವುದು 29ರಲ್ಲಿ, ಕೆಕ್ಯೂಇಡಿ 9 ಬರುವುದು 30ರಲ್ಲಿ. ಈ ಮೂರೂ ಯುಎಚ್‌ಎಫ್ (ಹೆಚ್ಚಿನ ಫ್ರೀಕ್ವೆನ್ಸಿಯ ಬ್ಯಾಂಡ್), ಮೂರೂ ಅಕ್ಕಪಕ್ಕ, ಮೂರೂ ಸೂಟ್ರೋದಿಂದ. ಕೆಆರ್‌ಒಎನ್ 4 ಆರ್‌ಎಫ್ 7ರಲ್ಲಿ, ಕೆಜಿಒ 7 ಆರ್‌ಎಫ್ 12ರಲ್ಲಿ, ಕೆಎನ್‌ಟಿವಿ 11 ಆರ್‌ಎಫ್ 13ರಲ್ಲಿ. ಇವು ವಿಎಚ್‌ಎಫ್ (ಕಡಿಮೆ ಫ್ರೀಕ್ವೆನ್ಸಿಯ ಬ್ಯಾಂಡ್). ಕೆಎನ್‌ಟಿವಿ ಗೋಪುರ ಸೂಟ್ರೋ ಅಲ್ಲ, ಸ್ಯಾನ್ ಬ್ರೂನೋ ಮೌಂಟನ್. ಫ್ರೀಮಾಂಟ್‌ನಿಂದ ನೋಡಿದರೆ ಎರಡಕ್ಕೂ 8 ಡಿಗ್ರಿಯಷ್ಟೇ ವ್ಯತ್ಯಾಸ. ನಿಮ್ಮ ವಿಳಾಸಕ್ಕೆ ಯಾವ ಚಾನೆಲ್ ಯಾವ ದಿಕ್ಕಿನಿಂದ ಬರುತ್ತದೆ ಎಂದು ರ‍್ಯಾಬಿಟ್‌ಇಯರ್ಸ್ ತಾಣದಲ್ಲಿ ನೋಡಬಹುದು. ಪರೀಕ್ಷೆ ಶುರು ಮಾಡುವ ಮೊದಲು ಈ ಆರು ಚಾನೆಲ್‌ಗಳ ಬಲ, ಗುಣಮಟ್ಟದ ನಂಬರ್‌ಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನದೆಲ್ಲ ಈ ಕಾಗದದ ಮೇಲೆಯೇ ನಿಂತಿದೆ.

ಉಳಿದ ಶಂಕಿತರನ್ನು ಪಟ್ಟಿಯಿಂದ ತೆಗೆಯುವುದು

ಆಂಪ್ಲಿಫೈಯರ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ವಿದ್ಯುತ್ ಆಫ್ ಮಾಡಿದರೆ ಸಾಲದು, ಕೇಬಲ್ ದಾರಿಯಿಂದಲೇ ತೆಗೆಯಬೇಕು. ಆಫ್ ಆದ ಆಂಪ್ಲಿಫೈಯರ್ ಸಾಮಾನ್ಯವಾಗಿ ಸಿಗ್ನಲ್ ತಡೆದು ಕೂರುತ್ತದೆ. ಬಲ ಇಳಿದು ಗುಣಮಟ್ಟ ಏರಿದರೆ ಟ್ಯೂನರ್‌ಗೆ ಓವರ್‌ಲೋಡ್ ಆಗುತ್ತಿತ್ತು, ಮಲ್ಟಿಪಾತ್ ಅಲ್ಲ. ಆಂಪ್ಲಿಫೈಯರ್ ಇಲ್ಲದ ಮನೆಯಲ್ಲಿ 6 ಅಥವಾ 10 ಡಿಬಿಯ ಒಂದು ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸಾಧನ) ಹಾಕಿ ಇದೇ ಪರೀಕ್ಷೆ ಮಾಡಬಹುದು. ಬೆರಳಿನ ತುದಿಯಷ್ಟು ದೊಡ್ಡದು, ಕೇಬಲ್ ನಡುವೆ ತಿರುಗಿಸಿ ಕೂರಿಸಿದರಾಯಿತು. ಮಲ್ಟಿಪಾತ್ ಇದ್ದರೆ ಬಲ ಇಳಿಯುತ್ತದೆ, ಗುಣಮಟ್ಟ ಹೆಚ್ಚುಕಮ್ಮಿ ಅಲ್ಲೇ ನಿಲ್ಲುತ್ತದೆ. ಹತ್ತಿರದಲ್ಲಿ ಮೊಬೈಲ್ ಗೋಪುರ ಇದ್ದರೆ ಮೊಬೈಲ್ ಸಿಗ್ನಲ್ ತಡೆಯುವ ಒಂದು ಎಲ್‌ಟಿಇ ಫಿಲ್ಟರ್ ಹಾಕಿ ನೋಡಿ. ಟಿವಿ ಬ್ಯಾಂಡ್ ಆರ್‌ಎಫ್ 36ಕ್ಕೆ, ಅಂದರೆ 608 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. 617ರಿಂದಲೇ ಮೊಬೈಲ್ ಶುರು.

ಬರೀ ವಿಎಚ್‌ಎಫ್ ಚಾನೆಲ್‌ಗಳು, ಅಂದರೆ 4, 7, 11 ಮಾತ್ರ ಕೆಡುತ್ತಿದ್ದರೆ ಮನೆಯೊಳಗಿನ ಗದ್ದಲವನ್ನು ಅನುಮಾನಿಸಿ. ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರ್‌ಗಳು ಈ ಬ್ಯಾಂಡಿನಲ್ಲಿ ಗಲಾಟೆ ಮಾಡುತ್ತವೆ. ಲ್ಯಾಪ್‌ಟಾಪ್ ಮತ್ತು ಟ್ಯೂನರ್ ಇರುವ ಸಾಲು ಬಿಟ್ಟು ಉಳಿದ ಬ್ರೇಕರ್‌ಗಳನ್ನು ಒಂದೊಂದಾಗಿ ಇಳಿಸಿ ನಂಬರ್ ನೋಡಿ. ಒಂದು ಬ್ರೇಕರ್ ಇಳಿಸಿದೊಡನೆ ಗುಣಮಟ್ಟ ಜಿಗಿದರೆ ಕಳ್ಳ ಆ ಕೋಣೆಯಲ್ಲೇ ಇದ್ದಾನೆ.

ಆಮೇಲೆ ಕೇಬಲ್. ಪ್ರತಿಧ್ವನಿ ಗಾಳಿಯಲ್ಲೇ ಹುಟ್ಟಬೇಕಿಲ್ಲ, ತಂತಿಯೊಳಗೂ ಹುಟ್ಟುತ್ತದೆ. ಸಡಿಲ ಕನೆಕ್ಟರ್, ಯಾರೋ ಹಿಂದಿನ ಮಾಲೀಕರು ಅಟ್ಟದಲ್ಲಿ ಬಿಟ್ಟುಹೋದ ನಾಲ್ಕು ದಾರಿಯ ಸ್ಪ್ಲಿಟರ್ (ಒಂದು ಕೇಬಲ್‌ನ ಸಿಗ್ನಲ್ ಅನ್ನು ಹಲವು ಟಿವಿಗೆ ಹಂಚುವ ಡಬ್ಬಿ), ಅದರಲ್ಲಿ ಖಾಲಿ ಬಿದ್ದ ಮೂರು ಬಾಯಿ. ಸಿಗ್ನಲ್ ಅಲ್ಲಿಗೆ ಹೋಗಿ ಬಡಿದು ವಾಪಸ್ ಬರುತ್ತದೆ. 15 ಮೀಟರ್ ಆರ್‌ಜಿ6 ಕೇಬಲ್‌ನಲ್ಲಿ ಹೋಗಿ ಬರಲು ಸುಮಾರು 118 ನ್ಯಾನೋಸೆಕೆಂಡ್, ಒಂದು ಸಿಂಬಲ್‌ಗಿಂತ ಜಾಸ್ತಿ. ಇದೊಂದೇ ಚಿತ್ರ ಒಡೆಯುವಷ್ಟು ದೊಡ್ಡದಾಗುವುದು ಅಪರೂಪ. ಆದರೆ ಮೊದಲೇ ಅಂಚಿನಲ್ಲಿರುವ ಸಿಗ್ನಲ್‌ಗೆ ಇದೂ ಸೇರಿದರೆ ಮುಗಿಯಿತು. ಸ್ಪ್ಲಿಟರ್ ಪೂರ್ತಿ ಬಿಟ್ಟು, ಚಿಕ್ಕ ಹೊಸ ಕೇಬಲ್‌ನಲ್ಲಿ ಆಂಟೆನಾದಿಂದ ಟ್ಯೂನರ್‌ಗೆ ನೇರ ಜೋಡಿಸಿ ನೋಡಿ. ಗುಣಮಟ್ಟ ಏರಿದರೆ ದೋಷ ತಂತಿಯಲ್ಲಿದೆ. ಸ್ಪ್ಲಿಟರ್ ಬೇಕೇ ಬೇಕು ಎಂದಾದರೆ ಖಾಲಿ ಬಾಯಿಗಳಿಗೆ 75 ಓಮ್ ಟರ್ಮಿನೇಟರ್ ಮುಚ್ಚಳ ಹಾಕಿ. ನಾಲ್ಕು ದಾರಿಯದು 7 ಡಿಬಿ ತಿನ್ನುತ್ತದೆ, ಎರಡು ದಾರಿಯದಾದರೆ 3.5. ಇರುವ ಟಿವಿಗಳಿಗೆ ಸಾಕಾಗುವಷ್ಟೇ ಹಾಕಿ.

ಹತ್ತಿರದ್ದೋ ದೂರದ್ದೋ?

ಇಲ್ಲಿವರೆಗೆ ಬಂದರೂ ಗುಣಮಟ್ಟ ಏರದಿದ್ದರೆ ಅದು ಗಾಳಿಯ ಮಲ್ಟಿಪಾತ್ತೇ. ಆದರೆ ಒಂದು ಪ್ರಶ್ನೆಗೆ ಉತ್ತರ ಹುಡುಕದೆ ಆಂಟೆನಾ ಮುಟ್ಟಬೇಡಿ. ಪ್ರತಿಧ್ವನಿ ಬರುತ್ತಿರುವುದು ಹತ್ತಿರದಿಂದಲೋ ದೂರದಿಂದಲೋ? ಎರಡಕ್ಕೂ ಮದ್ದು ಬೇರೆ. ಸುಮ್ನೆ ಅಲ್ಲಿ ಇಲ್ಲಿ ಸರಿಸುತ್ತಾ ಸಂಜೆ ಕಳೆಯುವವರು ಎಡವುವುದು ಇಲ್ಲೇ.

ನೇರ ಸಿಗ್ನಲ್ ಮತ್ತು ಪ್ರತಿಧ್ವನಿ ಸೇರಿದಾಗ ಕೆಲವು ಫ್ರೀಕ್ವೆನ್ಸಿಗಳಲ್ಲಿ ಒಂದನ್ನೊಂದು ಅಳಿಸಿಹಾಕಿ ಗುಂಡಿ ಬೀಳುತ್ತವೆ. ಗುಂಡಿಗಳ ನಡುವಿನ ಅಂತರ ಹೆಚ್ಚುವರಿ ದಾರಿಯ ಮೇಲೆ ನಿಂತಿದೆ. ಪಕ್ಕದ ಮನೆ ಗೋಡೆಗೆ ಬಡಿದು 10 ಮೀಟರ್ ಸುತ್ತು ಹಾಕಿ ಬಂದರೆ 30 ಮೆಗಾಹರ್ಟ್ಸ್‌ಗೊಂದು ಗುಂಡಿ. ಒಂದು ಚಾನೆಲ್ 6 ಮೆಗಾಹರ್ಟ್ಸ್ ಅಗಲ, ಹಾಗಾಗಿ ಐದರಲ್ಲಿ ಒಂದು ಚಾನೆಲ್ ಗುಂಡಿಗೆ ಬೀಳುತ್ತದೆ, ಉಳಿದವು ಪಾರು. ಅದೇ ಮಿಷನ್ ಪೀಕ್‌ನಿಂದ 8 ಕಿ.ಮೀ. ಸುತ್ತಿ ಬಂದದ್ದಾದರೆ ಸುಮಾರು 37 ಕಿಲೋಹರ್ಟ್ಸ್‌ಗೊಂದು ಸಣ್ಣ ಗುಂಡಿ. ಒಂದೊಂದು ಚಾನೆಲ್‌ನಲ್ಲೂ ನೂರೈವತ್ತಕ್ಕೂ ಜಾಸ್ತಿ. ಯಾವ ಚಾನೆಲ್ಲೂ ಪಾರಾಗುವುದಿಲ್ಲ, ಎಲ್ಲವೂ ಸಮನಾಗಿ ಸೊರಗುತ್ತವೆ.

ಈಗ ಕಾಗದ ತೆಗೆಯಿರಿ. ಆರ್‌ಎಫ್ 29, 30, 31ರ ಗುಣಮಟ್ಟ ನೋಡಿ. ಮೂರೂ ಒಂದೇ ಗೋಪುರದ ಅಕ್ಕಪಕ್ಕದ ಚಾನೆಲ್‌ಗಳು. 29 ಮತ್ತು 31 ಚೆನ್ನಾಗಿದ್ದು 30 ಮಾತ್ರ ಬಿದ್ದಿದ್ದರೆ, ಅಂದರೆ ಕೆಕ್ಯೂಇಡಿ ಒಂದೇ ಕೆಡುತ್ತಿದ್ದರೆ, ಪ್ರತಿಧ್ವನಿ ಹತ್ತಿರದ್ದು. ಗೋಡೆ, ಬಾಲ್ಕನಿ ಕಂಬಿ, ಗ್ಯಾರೇಜ್ ಬಾಗಿಲು, ಎದುರು ಮನೆ. ಮೂರರಲ್ಲೂ ಬಲ ಚೆನ್ನಾಗಿದ್ದು ಗುಣಮಟ್ಟ ಮೂರರಲ್ಲೂ ಅರ್ಧಂಬರ್ಧ ಇದ್ದರೆ ದೂರದ್ದು. ಗುಡ್ಡ ಅಥವಾ ದೊಡ್ಡ ಕಟ್ಟಡ.

ಖಾತ್ರಿಗೆ ಇನ್ನೊಂದು ಪರೀಕ್ಷೆ. ಆಂಟೆನಾವನ್ನು ದಿಕ್ಕು ಬದಲಿಸದೆ ಒಂದು ಗೇಣು ಮುಂದೆ, ಒಂದು ಗೇಣು ಪಕ್ಕಕ್ಕೆ ಸರಿಸಿ. ಆರ್‌ಎಫ್ 31ರ ಅಲೆಯ ಉದ್ದ 52 ಸೆಂ.ಮೀ. ಪ್ರತಿಧ್ವನಿ ಎದುರು ದಿಕ್ಕಿನಿಂದ ಬರುತ್ತಿದ್ದರೆ ಕೆಟ್ಟ ಜಾಗಕ್ಕೂ ಒಳ್ಳೆಯ ಜಾಗಕ್ಕೂ ಬರೀ 13 ಸೆಂ.ಮೀ. ಅಂತರ. ಹತ್ತಿರದ ಪ್ರತಿಧ್ವನಿಯಾದರೆ ನಂಬರ್ ಧಡಕ್ಕನೆ ಬದಲಾಗುತ್ತದೆ, ಕೆಟ್ಟ ಚಾನೆಲ್ ಸರಿಯಾಗಿ ಇನ್ನೊಂದು ಕೆಡಬಹುದು. ದೂರದ್ದಾದರೆ ಎಷ್ಟು ಸರಿಸಿದರೂ ಗುಣಮಟ್ಟ ಜಗ್ಗುವುದಿಲ್ಲ. ವಿಎಚ್‌ಎಫ್‌ಗೆ ಅಲೆ ಉದ್ದ. ಆರ್‌ಎಫ್ 12ಕ್ಕೆ 36 ಸೆಂ.ಮೀ.ನಷ್ಟು ಸರಿಸಬೇಕು.

ಇನ್ನು ಯಾವಾಗ ಕೆಡುತ್ತದೆ ಎನ್ನುವುದೂ ಸುಳಿವೇ:

- ಕೆಲವೇ ಸೆಕೆಂಡು ಪಟಪಟ ಒಡೆದು ತಾನಾಗಿ ಸರಿಹೋದರೆ ವಿಮಾನ. ಸ್ಯಾನ್ ಹೊಸೆ, ಓಕ್ಲೆಂಡ್‌ಗೆ ಇಳಿಯುವ ದಾರಿಯ ಕೆಳಗಿನ ಮನೆಗಳಲ್ಲಿ ಇದು ಮಾಮೂಲು.
- ಗಾಳಿ ಬೀಸುವ ಮಧ್ಯಾಹ್ನಗಳಲ್ಲಿ ಮಾತ್ರ ಆದರೆ ಆಂಟೆನಾ ಮುಂದಿರುವ ಮರ. ಅಥವಾ ಆಂಟೆನಾ ಕಂಬವೇ ಅಲ್ಲಾಡುತ್ತಿದೆ, ಅದನ್ನೂ ನೋಡಿ.
- ಕೆಡುವ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತಿದ್ದರೆ ಕೊಲ್ಲಿಯ ಉಬ್ಬರವಿಳಿತ. ಸಿಗ್ನಲ್ ನೀರಿನ ಮೇಲೆ ಹಾದು ಬರುವ ಮನೆಗಳಲ್ಲಿ ನೀರಿನ ಮಟ್ಟ ಬದಲಾದಂತೆ ನೀರಿನಿಂದ ಪುಟಿದು ಬರುವ ಅಲೆಯ ದಾರಿಯೂ ಬದಲಾಗುತ್ತದೆ. ಇದಕ್ಕೆ ಆಂಟೆನಾ ಎತ್ತರ ಬದಲಿಸುವುದೇ ಮದ್ದು. ಕೆಲವೊಮ್ಮೆ ಕೆಳಗಿಳಿಸಿದರೆ ಒಳ್ಳೆಯದಾಗುತ್ತದೆ. ಎತ್ತರವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಹತ್ತಿರದ ಪ್ರತಿಧ್ವನಿಗೆ: ಜಾಗ ಬದಲಿಸಿ

ಒಳಗಿರುವ ಆಂಟೆನಾ ಹೊರಗೆ ಹೋದರೆ ಅರ್ಧ ಕೇಸುಗಳು ಅಲ್ಲಿಗೇ ಮುಗಿಯುತ್ತವೆ. ಕ್ಯಾಲಿಫೋರ್ನಿಯಾದ ಮನೆಗಳ ಹೊರಗೋಡೆ ಬಹಳಷ್ಟು ಸ್ಟಕೋ. ಆ ಗಾರೆಯೊಳಗೆ ಕೋಳಿಗೂಡಿನ ಬಲೆಯಂಥ ತಂತಿಜಾಲ ಇರುತ್ತದೆ. ಸಿಗ್ನಲ್ ಗೋಡೆಯಿಂದ ಬರಲಾಗದೆ ಕಿಟಕಿಯಿಂದ ನುಗ್ಗಿ, ಒಳಗೆ ಗೋಡೆಯಿಂದ ಗೋಡೆಗೆ ಬಡಿದಾಡುತ್ತದೆ. ಹೊಸ ಕಿಟಕಿ ಗಾಜಿಗೆ ಶಾಖ ತಡೆಯುವ ಲೋಹದ ಲೇಪನ ಇದ್ದರೆ ಅದೂ ಕಷ್ಟ. ಅಟ್ಟದಲ್ಲಿ ಇಡೋಣ ಎಂದರೆ ಮಾಡಿನ ಒಳಮೈಗೆ ಹೊಳೆಯುವ ಹಾಳೆ ಅಂಟಿಸಿದ್ದಾರಾ ಎಂದು ಟಾರ್ಚ್ ಬಿಟ್ಟು ನೋಡಿ. ಅದೂ ಲೋಹವೇ. ಇದ್ದರೆ ಅಟ್ಟದ ಆಸೆ ಬಿಡಿ. ಇಲ್ಲದಿದ್ದರೂ ಏಸಿ ಡಕ್ಟ್‌ಗಳಿಂದ ಒಂದೆರಡು ಮೀಟರ್ ದೂರ ಇರಲಿ.

ಟೌನ್‌ಹೋಮ್‌ಗಳಲ್ಲಿ "ಎಚ್‌ಒಎ (ಮನೆಮಾಲೀಕರ ಸಂಘ) ಬಿಡಲ್ಲ" ಎನ್ನುವ ಮಾತು ಬರುತ್ತದೆ. ನಿಮಗಷ್ಟೇ ಸೇರಿದ ಬಾಲ್ಕನಿ, ಹಿತ್ತಲು, ನಿಮ್ಮದೇ ಮಾಡು ಆಗಿದ್ದರೆ ಟಿವಿ ಆಂಟೆನಾ ಹಾಕುವುದನ್ನು ಎಚ್‌ಒಎ ತಡೆಯುವಂತಿಲ್ಲ. ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ ಒಟಿಎಆರ್‌ಡಿ ನಿಯಮ ಇರುವುದೇ ಇದಕ್ಕೆ. ಎಲ್ಲರಿಗೂ ಸೇರಿದ ಮಾಡು, ಸಾಮಾನ್ಯ ಗೋಡೆ ಆದರೆ ಈ ನಿಯಮ ನಿಮ್ಮ ಪರ ಇಲ್ಲ. ಹೊರಗೆ ಹಾಕಿದ ಮೇಲೆ ಕಂಬಕ್ಕೂ ಕೇಬಲ್‌ಗೂ ಅರ್ಥಿಂಗ್ ಮಾಡಿಸಿ. ಕರೆಂಟ್ ತಂತಿಯ ಹತ್ತಿರ ಮಾತ್ರ ಹೋಗಲೇಬೇಡಿ.

ಜಾಗ ಹುಡುಕುವಾಗ ಬಲದ ನಂಬರ್ ಮೇಲೆ ಕೈ ಮುಚ್ಚಿಬಿಡಿ, ಗುಣಮಟ್ಟವನ್ನಷ್ಟೇ ನೋಡಿ. 10-15 ಸೆಂ.ಮೀ. ಸರಿಸುವುದು, ಟ್ಯೂನರ್ ಮತ್ತೆ ಹಿಡಿದುಕೊಳ್ಳಲು ಕೆಲವು ಸೆಕೆಂಡು ಬಿಡುವುದು, ಆಮೇಲೆ ಬರೆದುಕೊಳ್ಳುವುದು. ಆಂಟೆನಾ ಕೈಯಲ್ಲಿ ಹಿಡಿದು ಅಳೆದರೆ ನಿಮ್ಮ ಮೈಯೇ ಒಂದು ಗೋಡೆಯಾಗುತ್ತದೆ. ಇಟ್ಟು, ಪಕ್ಕಕ್ಕೆ ಸರಿದು ನೋಡಿ. ಆರೂ ಚಾನೆಲ್‌ಗೆ ಒಟ್ಟಿಗೆ ಒಪ್ಪುವ ಜಾಗ ಬೇಕು, ಒಂದಕ್ಕೆ 100 ಬಂದು ಇನ್ನೊಂದು ಸತ್ತರೆ ಪ್ರಯೋಜನವಿಲ್ಲ.

ದೂರದ ಪ್ರತಿಧ್ವನಿಗೆ: ಆಂಟೆನಾ ಬದಲಿಸಿ, ದಿಕ್ಕು ಬದಲಿಸಿ

ಅಂಗಡಿಯಲ್ಲಿ ಸಿಗುವ ತೆಳ್ಳನೆ ಹಾಳೆಯಂಥ ಆಂಟೆನಾ ಮುಂದೆ ಎಷ್ಟು ಕೇಳುತ್ತದೋ ಹಿಂದೆಯೂ ಅಷ್ಟೇ ಕೇಳುತ್ತದೆ. ಫ್ರೀಮಾಂಟ್‌ನ ಪೂರ್ವದ ಕಡೆ, ವಾರ್ಮ್ ಸ್ಪ್ರಿಂಗ್ಸ್ ಅಥವಾ ಮಿಷನ್ ಸ್ಯಾನ್ ಹೊಸೆ ಭಾಗದಲ್ಲಿ ಅದರ ಒಂದು ಮುಖ ಸೂಟ್ರೋ ಕಡೆ ಇದ್ದರೆ ಇನ್ನೊಂದು ಮುಖ ಗುಡ್ಡದ ಕಡೆ. ಡಬ್ಬಿಯ ಮೇಲೆ ಬರೆದಿರುವ ಮೈಲಿ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಆ ಲೆಕ್ಕವೇ ಜಾಹೀರಾತು ಅನ್ನಿ.

ಬೇಕಾದದ್ದು ಬೆನ್ನು ಮುಚ್ಚಿದ ಆಂಟೆನಾ. ಚಿಟ್ಟೆಯಾಕಾರದ ನಾಲ್ಕು ಕಡ್ಡಿಜೋಡಿ (ಬೋಟೈ) ಇದ್ದು ಹಿಂದೆ ಜಾಲರಿ ಇರುವ ಆಂಟೆನಾ ಆಗಬಹುದು, ಊರಿನ ಮಾಡಿನ ಮೇಲಿದ್ದ ಮೀನಿನ ಮುಳ್ಳಿನಂಥ ಯಾಗಿ ಆಗಬಹುದು. ಎರಡೂ ಹಿಂದಿನಿಂದ ಬರುವುದನ್ನು ಚೆನ್ನಾಗಿ ಕುಗ್ಗಿಸುತ್ತವೆ. ಹಾಳೆ ಆಂಟೆನಾ ತೆಗೆದು ಇದನ್ನು ಹಾಕಿದಾಗ ಬಲದ ನಂಬರ್ ಅಷ್ಟೇನೂ ಏರದೆ, ಗುಣಮಟ್ಟ 50ರ ಆಸುಪಾಸಿನಿಂದ 90ರ ಹತ್ತಿರಕ್ಕೆ ಹೋದದ್ದನ್ನು ಗೆಳೆಯರ ಮನೆಯಲ್ಲಿ ನೋಡಿದ್ದೇನೆ. ಇಂಥ ಯುಎಚ್‌ಎಫ್ ಆಂಟೆನಾಗಳಲ್ಲಿ ಕೆಲವು ವಿಎಚ್‌ಎಫ್ ಹಿಡಿಯುವುದಿಲ್ಲ. ಇಲ್ಲಿ ಮೂರು ಮುಖ್ಯ ಚಾನೆಲ್ ವಿಎಚ್‌ಎಫ್‌ನಲ್ಲಿ ಇರುವುದರಿಂದ ಕೊಳ್ಳುವ ಮೊದಲು ಕೇಳಿ. ಜೊತೆಗೆ ಎರಡೂ ಕಡ್ಡಿ ಸೇರಿ 75 ಸೆಂ.ಮೀ. ಬರುವ ಒಂದು ಡೈಪೋಲ್ (ಎರಡು ಕಡ್ಡಿಯ ಸರಳ ಆಂಟೆನಾ) ಮತ್ತು ಎರಡೂ ಆಂಟೆನಾ ಒಂದೇ ಕೇಬಲ್‌ಗೆ ಸೇರಿಸುವ ಯುಎಚ್‌ಎಫ್-ವಿಎಚ್‌ಎಫ್ ಕಂಬೈನರ್ ಹಾಕಿದರೂ ನಡೆಯುತ್ತದೆ.

ದಿಕ್ಕು ಹಿಡಿಯುವಾಗ ಫೋನಿನ ದಿಕ್ಸೂಚಿ ನಿಜವಾದ ಉತ್ತರ ದಿಕ್ಕು ತೋರಿಸುತ್ತಿದೆಯೋ ಆಯಸ್ಕಾಂತ ತೋರಿಸುವ ಉತ್ತರ ದಿಕ್ಕೋ ನೋಡಿಕೊಳ್ಳಿ. ಬೇ ಏರಿಯಾದಲ್ಲಿ ಎರಡಕ್ಕೂ ಸುಮಾರು 13 ಡಿಗ್ರಿ ವ್ಯತ್ಯಾಸ. 299 ಎಂದು ಬರೆದದ್ದು ನಿಜವಾದ ಉತ್ತರದಿಂದ. ಆಯಸ್ಕಾಂತದ ದಿಕ್ಸೂಚಿಯಲ್ಲಿ ಅದು 286 ಆಗುತ್ತದೆ. ಸನ್ನಿವೇಲ್‌ನಿಂದಾದರೆ ನಿಜವಾದ ಉತ್ತರದಿಂದ 319ರ ಆಸುಪಾಸು.

ಗೋಪುರಕ್ಕೆ ನೇರ ತಿರುಗಿಸಿದ ಮೇಲೂ ಗುಣಮಟ್ಟ ಸಾಲದಿದ್ದರೆ ಬೇಕೆಂದೇ ದಿಕ್ಕು ತಪ್ಪಿಸಿ. 10, 20, 30 ಡಿಗ್ರಿ, ಎರಡೂ ಕಡೆ. ಆಂಟೆನಾದ ಮುಂದಿನ ಕಿವಿ ಅಗಲ, ಆದ್ದರಿಂದ ಸ್ವಲ್ಪ ತಿರುಗಿಸಿದರೆ ನೇರ ಸಿಗ್ನಲ್ ಒಂದೆರಡು ಡಿಬಿ ಕಳೆದುಕೊಳ್ಳಬಹುದು. ಆದರೆ ಪಕ್ಕದಲ್ಲಿ, ಹಿಂದೆ ಅದಕ್ಕೆ ಕಿವುಡು ದಿಕ್ಕುಗಳಿರುತ್ತವೆ. ಪ್ರತಿಧ್ವನಿ ಆ ಕಿವುಡು ದಿಕ್ಕಿಗೆ ಬಿದ್ದರೆ ಹತ್ತಾರು ಡಿಬಿ ಕುಗ್ಗುತ್ತದೆ. ಈ ವ್ಯಾಪಾರದಲ್ಲಿ ಲಾಭ ನಿಮಗೇ. ಬಲ ಅತಿ ಜಾಸ್ತಿ ಇರುವ ದಿಕ್ಕೇ ಸರಿಯಾದ ದಿಕ್ಕು ಎಂದುಕೊಂಡವರಿಗೆ ಇದು ಎಂದೂ ಸಿಗುವುದಿಲ್ಲ.

ಹಟಕ್ಕೆ ಬಿದ್ದವರಿಗೆ ಇನ್ನೊಂದು ದಾರಿ: ಒಂದೇ ಥರದ ಎರಡು ಆಂಟೆನಾ ಅಕ್ಕಪಕ್ಕ, ಒಂದೇ ಉದ್ದದ ಕೇಬಲ್, ಎರಡನ್ನೂ ಸೇರಿಸಲು ತಿರುಗಿಸಿ ಜೋಡಿಸಿದ ಎರಡು ದಾರಿಯ ಸ್ಪ್ಲಿಟರ್. ನೇರ ದಿಕ್ಕಿಗೆ 30 ಡಿಗ್ರಿ ಓರೆಯಲ್ಲಿ ಬರುವ ಪ್ರತಿಧ್ವನಿಯಾದರೆ ಎರಡರ ನಡುವೆ ಒಂದು ಅಲೆಯ ಉದ್ದ ಅಂತರ ಬಿಟ್ಟರೆ ಅದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಆರ್‌ಎಫ್ 31ಕ್ಕೆ 52 ಸೆಂ.ಮೀ. ಒಂದೇ ಹಟಮಾರಿ ಚಾನೆಲ್ ಉಳಿದಿದ್ದರೆ ಮಾತ್ರ ಇಷ್ಟು ಕಷ್ಟಪಡಿ.

ಟ್ಯೂನರ್ ಬದಲಿಸಿದರೆ?

ಕೆಲವೊಮ್ಮೆ ಸಾಕಾಗುತ್ತದೆ. 2009ರ ಹೊತ್ತಿನ ಕನ್ವರ್ಟರ್ ಡಬ್ಬಿ ಅಥವಾ ಹಳೆಯ ಟಿವಿ ಇದ್ದರೆ ಅದೇ ಕೇಬಲ್ ಅನ್ನು ಹೊಸ ಟಿವಿಗೆ ಹಾಕಿ ನೋಡಿ. ಈಕ್ವಲೈಜರ್‌ಗಳು ಆಮೇಲೆ ಸುಧಾರಿಸಿವೆ. ಹೊಸ ತಲೆಮಾರಿನ ಎಟಿಎಸ್‌ಸಿ 3.0ರಲ್ಲಂತೂ ಪ್ರಸಾರದ ವಿಧಾನವೇ ಬೇರೆ. ಒಂದೇ ವೇಗದ ಸಾಲಿನ ಬದಲು ಸಾವಿರಾರು ನಿಧಾನದ ಸಾಲುಗಳು, ಪ್ರತಿ ಸಿಂಬಲ್ ನಡುವೆ ಪ್ರತಿಧ್ವನಿ ಅಡಗಲು ಒಂದು ಬಿಡುವು. ಆ ಬಿಡುವು ಸುಮಾರು 28ರಿಂದ 700 ಮೈಕ್ರೋಸೆಕೆಂಡ್‌ವರೆಗೆ, ಸ್ಟೇಷನ್ ಆರಿಸಿಕೊಂಡಷ್ಟು. ನಮ್ಮ ದೂರದರ್ಶನ ಡಿಜಿಟಲ್‌ಗೆ ಆರಿಸಿಕೊಂಡ ಡಿವಿಬಿ-ಟಿ2 ಕೂಡ ಇದೇ ಜಾತಿ. ನಾವು 27 ಮೈಕ್ರೋಸೆಕೆಂಡ್ ಎಂದು ಲೆಕ್ಕ ಹಾಕಿದ ಗುಡ್ಡದ ಪ್ರತಿಧ್ವನಿ ಅಲ್ಲಿ ತಲೆನೋವೇ ಅಲ್ಲ. ಆದರೆ ಬರೀ ಇದಕ್ಕೋಸ್ಕರ ಹೊಸ ಟಿವಿ ಕೊಳ್ಳಿ ಎನ್ನಲಾರೆ. ಮೊದಲು ಆಂಟೆನಾ ತಿರುಗಿಸಿ.

ಗೋಪುರವೇ ಕಾಣದ ಮನೆ

ಗುಡ್ಡದ ಮಗ್ಗುಲಿಗೆ, ಕಣಿವೆಯೊಳಗೆ ಇರುವ ಮನೆಗಳಿಗೆ ಸೂಟ್ರೋ ಪೂರ್ತಿ ಮರೆ. ನೇರ ಸಿಗ್ನಲ್ ಸೊರಗಿ ಬರುತ್ತದೆ, ಎದುರು ಗುಡ್ಡದ ಪ್ರತಿಧ್ವನಿ ಅದಕ್ಕಿಂತ ಜೋರು. ಇಲ್ಲಿ ಗೋಪುರದ ಕಡೆಗೇ ತಿರುಗಿಸುತ್ತೇನೆ ಎಂದು ಹಟ ಹಿಡಿದರೆ ಎರಡೂ ಸಮಸಮ ಆಗಿ ಕೆಲಸ ಕೆಡುತ್ತದೆ. ಬೆನ್ನು ಮುಚ್ಚಿದ ಆಂಟೆನಾ ತೆಗೆದುಕೊಂಡು ಪ್ರತಿಧ್ವನಿಯ ಕಡೆಗೇ ಮುಖ ಮಾಡಿ, ಗೋಪುರಕ್ಕೆ ಬೆನ್ನು ಹಾಕಿ. ಟ್ಯೂನರ್‌ಗೆ ಒಂದೇ ದಾರಿಯ ಸಿಗ್ನಲ್ ಸಿಕ್ಕರಾಯಿತು, ಅದು ನೇರವಾಗಿ ಬಂದದ್ದೇ ಆಗಬೇಕು ಎಂದೇನಿಲ್ಲ. ಆಂಟೆನಾವನ್ನು ಒಂದು ಸುತ್ತು, 15 ಡಿಗ್ರಿಗೊಮ್ಮೆ ನಿಲ್ಲಿಸಿ ಆರೂ ಚಾನೆಲ್‌ಗಳ ಗುಣಮಟ್ಟ ಬರೆದರೆ ಯಾವ ಕಡೆ ಮುಖ ಮಾಡಬೇಕೆಂದು ಕಾಗದವೇ ಹೇಳುತ್ತದೆ. ಹೀಗೆ ಹಿಡಿದ ಸಿಗ್ನಲ್ ಮಳೆ ಬಿದ್ದು ಗುಡ್ಡ ನೆನೆದಾಗ, ಹುಲ್ಲು ಒಣಗಿದಾಗ ಸ್ವಲ್ಪ ಬದಲಾಗಬಹುದು. ಅದಕ್ಕೆ ಕ್ಲಾಂಪ್ ಬಿಗಿ ಮಾಡುವ ಮೊದಲು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಸಲ ನಂಬರ್ ನೋಡಿ. ಮೂರು ಹೊತ್ತೂ 20 ಡಿಬಿ ಮೇಲಿದ್ದರೆ ಬಿಗಿಯಿರಿ, ಆಮೇಲೆ ಟಿವಿಯಲ್ಲಿ ಒಮ್ಮೆ ಚಾನೆಲ್ ಸ್ಕ್ಯಾನ್ ಮಾಡಿ.